ಸ್ಟೀವ್ ಕಾಪೆಲ್ ಐಎಸ್‌ಎಲ್ ಕಪ್ ಗೆದ್ದಿಲ್ಲ: ಒಂದು ಸ್ಪಷ್ಟನೆ

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಹಳೇ ವಿಂಗರ್ (ಮೈದಾನದ ಅಂಚಿನಲ್ಲಿ ಆಡುವ ದಾಳಿಗಾರ) ಸ್ಟೀವ್ ಕಾಪೆಲ್ ಬಗ್ಗೆ ಎರಡು ಮಾತು ಓಡಾಡುತ್ತಿವೆ. ಕೋಚ್ ಆಗುವ ಆಸೆಯಿಂದ ಬೇಗ ಆಟ ಬಿಟ್ಟರು ಎನ್ನುವುದು ಒಂದು. 2016ರಲ್ಲಿ ಕೋಲ್ಕತ್ತದ ತಂಡ ಎಟಿಕೆಗೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ ಗೆದ್ದುಕೊಟ್ಟರು ಎನ್ನುವುದು ಇನ್ನೊಂದು. ಎರಡೂ ತಪ್ಪು.

ಕಪ್ ವಿಷಯ ಬೇಗ ಮುಗಿಸೋಣ. 2016ರಲ್ಲಿ ಅವರು ಕೇರಳ ಬ್ಲಾಸ್ಟರ್ಸ್ ಕೋಚ್. ಕೊಚ್ಚಿಯ ಫೈನಲ್ 1-1 ಆಗಿ, ಪೆನಾಲ್ಟಿಯಲ್ಲಿ ಎಟಿಕೆ 4-3ರಿಂದ ಗೆದ್ದಿತು. ಆಗ ಎಟಿಕೆ ಕೋಚ್ ಹೋಸೆ ಮೊಲಿನಾ. ಕಾಪೆಲ್ ಮುಂದೆ ಜಮ್ಶೆಡ್‌ಪುರ ತಂಡಕ್ಕೆ ಹೋಗಿ, ಎಟಿಕೆಗೆ ಬಂದದ್ದು 2018ರಲ್ಲಿ. ಗೊಂದಲ ಹುಟ್ಟಿದ್ದು ಇಲ್ಲೇ ಇರಬೇಕು.

ಆಟ ಬಿಟ್ಟ ಕಥೆ ಮಾತ್ರ ನಿಜಕ್ಕೂ ಸಂಕಟ ತರುತ್ತದೆ. 1981ರ ನವೆಂಬರ್‌ನಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಂಗ್ಲೆಂಡ್‌ಗೆ ಹಂಗೇರಿ ವಿರುದ್ಧ ಪಂದ್ಯ. ಹಂಗೇರಿಯ ಯೋಜೆಫ್ ತೋತ್ ಚೆಂಡು ಕಸಿಯಲು ಮಾಡಿದ ಟ್ಯಾಕಲ್‌ಗೆ ಕಾಪೆಲ್ ಮೊಣಕಾಲು ಹಾಳಾಯಿತು. ಯುನೈಟೆಡ್ ಪರ ಸತತ 207 ಲೀಗ್ ಪಂದ್ಯ ಆಡಿದ್ದ ಮನುಷ್ಯ ಇವರು! ನೋವಿನಲ್ಲೇ 1982ರ ವಿಶ್ವಕಪ್‌ಗೂ ಹೋದರು. ಆಪರೇಷನ್‌ಗಳಾದವು, ಕಾಲು ಸರಿಹೋಗಲಿಲ್ಲ. 1983ರಲ್ಲಿ, ಬರೀ 28ನೇ ವಯಸ್ಸಿಗೆ ಆಟ ನಿಂತೇಹೋಯಿತು. ಇದನ್ನು ಆಸೆ ಅನ್ನೋಕಾಗುತ್ತಾ?

ಕೋಚ್ ಕೆಲಸ ಬಂದದ್ದು ಆಮೇಲೆ, 1984ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್‌ನಲ್ಲಿ. ಅವರನ್ನು ಹೊಗಳಲು ಸುಳ್ಳು ಕಪ್ ಬೇಕಿಲ್ಲ. 2005-06ರಲ್ಲಿ ಅವರ ರೆಡಿಂಗ್ ತಂಡ 106 ಅಂಕ ಗಳಿಸಿ ಮೊದಲ ಸಲ ಇಂಗ್ಲೆಂಡಿನ ಮೇಲ್ದರ್ಜೆಗೆ ಏರಿತು. ಮರುವರ್ಷ ಅಲ್ಲಿ 8ನೇ ಸ್ಥಾನ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.