ಇಳಿಯದವರಿಗೂ ವೀಸಾ

ಟೊರಾಂಟೊದಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ನಮ್ಮ ಅತ್ತಿಗೆಗೆ ಟಿಕೆಟ್ ಅಗ್ಗಕ್ಕೆ ಸಿಕ್ಕಿತ್ತು. ನಡುವೆ ಅಮೆರಿಕದಲ್ಲಿ ಎರಡೂವರೆ ಗಂಟೆ. "ಒಂದ್ ಕಾಫಿ ಕುಡಿಯೋಷ್ಟೊತ್ತು ಬಿಡಪ್ಪಾ" ಅಂದಿದ್ದರು. ಆ ಕಾಫಿಗೆ ವೀಸಾ ಶುಲ್ಕ 185 ಡಾಲರ್.

ವೀಸಾ ಇಲ್ಲದೆ ವಿಮಾನ ಬದಲಿಸುವ ಸೌಲಭ್ಯವನ್ನು ಅಮೆರಿಕದವರು 2003ರ ಆಗಸ್ಟಿನಲ್ಲೇ ನಿಲ್ಲಿಸಿದ್ದಾರೆ. ಈಗ ನಮ್ಮವರಿಗೆ ಸಿ-1 ಎಂಬ, ದಾಟಿಹೋಗುವವರ ವೀಸಾ ಬೇಕು. ಅಂದರೆ ನಿಮ್ಮ ದೇಶಕ್ಕೆ ನಾನು ಬರುತ್ತಿಲ್ಲ ಎನ್ನುವುದಕ್ಕೆ ಅವರಿಂದಲೇ ಅಪ್ಪಣೆ. ಅರ್ಜಿಯಲ್ಲಿ ಭಯೋತ್ಪಾದನೆ ಮಾಡುವ ಉದ್ದೇಶವಿದೆಯೇ ಎಂದು ಕೇಳುತ್ತಾರೆ. ಎಂಥ ಸಜ್ಜನಿಕೆ! ಅತ್ತಿಗೆಯ ಉದ್ದೇಶ ಅಂಟಿನುಂಡೆ, ಮೆಂತ್ಯದ ಹಿಟ್ಟು ಮತ್ತು ಒಂದು ತುಂಡು ಬಜೆ.

ತಿಪಟೂರಿನಿಂದ ಹಾಸನಕ್ಕೆ ಹೋಗುವವರು ಅರಸೀಕೆರೆಯಲ್ಲಿ ರೈಲು ಬದಲಿಸುತ್ತಾರೆ. ಇಲ್ಲೇ ಉಳಿದುಬಿಡುವ ಯೋಚನೆಯೇನಾದರೂ ಇದೆಯಾ ಎಂದು ಸ್ಟೇಷನ್ ಮಾಸ್ತರು ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ. ಅಷ್ಟೊಂದು ತೆಂಗಿನಕಾಯಿ ಇರುವ ಊರು, ಅವರಿಗಾದರೂ ಆ ಭಯ ಇರಬೇಕಿತ್ತು.

ಲಂಡನ್ನಿನವರದು ಇನ್ನೂ ಚೆಂದ. ನಿಲ್ದಾಣದ ಹೊರಗೆ ಕಾಲಿಡದಿದ್ದರೂ ನಮ್ಮವರಿಗೆ ವೀಸಾ ಬೇಕು, ಆದರೆ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇದ್ದರೆ ಬೇಡ. ಎದುರುಮನೆ ಗೌಡರು ಒಳಗೆ ಬಿಟ್ಟುಕೊಂಡವರು ನಮ್ಮ ಜಗಲಿ ಮೇಲೂ ಕೂರಬಹುದು ಅನ್ನುವ ಲೆಕ್ಕ. ಇನ್ನು ಅಲ್ಲಿನ ಹೀಥ್ರೂ ನಿಲ್ದಾಣದ ಟರ್ಮಿನಲ್ಲುಗಳ ಲೆಕ್ಕವೇ ಬೇರೆ. 1ನೇ ಟರ್ಮಿನಲ್ 2015ರಲ್ಲಿ ಮುಚ್ಚಿತು, ಎಣಿಕೆ ಶುರುವಾಗುವುದೇ 2ರಿಂದ. ಕಣದಲ್ಲಿ ರಾಗಿ ಅಳೆಯುವಾಗ ನಮ್ಮಜ್ಜ ಒಂದು ಅನ್ನುತ್ತಿರಲಿಲ್ಲ; "ಲಾಭ, ಎರಡು, ಮೂರು" ಅನ್ನುತ್ತಿದ್ದ. ಅಲ್ಲೂ ಹಾಗೇ ಇರಬೇಕು. ಲಾಭ ಯಾರದು ಅಂತ ಬೇರೆ ಹೇಳಬೇಕೆ!

ಎಷ್ಟೋ ನಿಲ್ದಾಣಗಳಲ್ಲಿ ಟರ್ಮಿನಲ್ ಬದಲಿಸುವುದೂ ಒಂದು ವ್ಯಾಯಾಮವೇ. ಬೆಂಗಳೂರಲ್ಲಿ ಬಿಚ್ಚಿದ ಬೆಲ್ಟನ್ನು ಮತ್ತೆ ಬಿಚ್ಚಿ, ಆಕಾಶದಲ್ಲೇ ಕೊಟ್ಟ ನೀರಿನ ಬಾಟಲಿಯನ್ನು ಬುಟ್ಟಿಗೆ ಹಾಕಿ, ರೈಲಿನಲ್ಲೋ ಬಸ್ಸಿನಲ್ಲೋ ಓಡಬೇಕು.

ಕಳೆದ ಸಲ ಒಂದು ನಿಲ್ದಾಣದಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರನ್ನು ನೋಡಿದೆ. ತಳ್ಳಿಕೊಂಡು ಬಂದವನು ಇನ್ನೊಬ್ಬ ಬರುತ್ತಾನೆ ಎಂದು ಗೋಡೆ ಪಕ್ಕ ಬಿಟ್ಟುಹೋಗಿದ್ದ. ಕೈಯಲ್ಲಿ ಮಗ ಬರೆದುಕೊಟ್ಟ ಚೀಟಿ: "ಅಮ್ಮಾ, ಇಲ್ಲಿ ಟರ್ಮಿನಲ್ ಬದಲಾಗುತ್ತೆ, ಹೆದರಬೇಡ." ಬೆವರಿಗೆ ಅದರ ಶಾಯಿ ಹರಡಿತ್ತು. ಮುಕ್ಕಾಲು ಗಂಟೆಯಾದರೂ ಯಾರೂ ಬರಲಿಲ್ಲ. ನನಗೆ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ, ಈಗಲೂ ಕಾಣುತ್ತಿಲ್ಲ. ಎಪ್ಪತ್ತು ದಾಟಿದ ಹೆಂಗಸು ಮೊಮ್ಮಗುವಿನ ಮುಖ ನೋಡಲು ಹೊರಟರೆ ಯಾವ ಸಾಮ್ರಾಜ್ಯ ಮುಳುಗುತ್ತದೆ ಸ್ವಾಮಿ?

ಅತ್ತಿಗೆ ಟಿಕೆಟ್ ರದ್ದು ಮಾಡಿಸಿದರು. ಎಷ್ಟು ವಾಪಸ್ ಬಂತು ಅಂತ ಅಣ್ಣನ ಮುಂದೆ ಕೇಳಬೇಡಿ. ಈಗ ದಿಲ್ಲಿಯಿಂದ ನೇರ ವಿಮಾನ. ಮಿಕ್ಕ ಕೋಪದಲ್ಲಿ ಇನ್ನೊಂದು ಡಬ್ಬ ಅಂಟಿನುಂಡೆ ಕಟ್ಟಿದ್ದಾರೆ.