ಕೂಪಿನೊಳಗಿನ ಕಪ್ಪೆ

ನಿನ್ನೆ ಮಧ್ಯಾಹ್ನ ನಲವತ್ತು ನಿಮಿಷ ನಾನು ನಿಂತ ಕಾರೊಂದರಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಸುತ್ತ ನಿಂತ ಜನ ಫೋಟೊ ತೆಗೆಯುತ್ತಿದ್ದರು. ಬೆವರಿನ ಅಂಗಿ ಇನ್ನೂ ಒಗೆಯುವ ಬುಟ್ಟಿಯಲ್ಲಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಮೆರಿಕದ ಡೆಟ್ರಾಯಿಟ್ ಸುತ್ತಮುತ್ತ ಇರುವವರಿಗೆ ಆಗಸ್ಟ್ ತಿಂಗಳ ಮೂರನೇ ಶನಿವಾರ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ವುಡ್‌ವರ್ಡ್ ಅವೆನ್ಯೂನಲ್ಲಿ ಹಳೇ ಕಾರುಗಳ ಜಾತ್ರೆ. ಫರ್ನ್‌ಡೇಲ್‌ನಲ್ಲಿ ಮಕ್ಕಳ ಸಾಕರ್ ಮೈದಾನಕ್ಕೆ ನಾಲ್ಕು ಕಾಸು ಎತ್ತೋಣ ಅಂತ 1995ರಲ್ಲಿ ಶುರು ಮಾಡಿದ್ದು. ಈಗ ಅಲ್ಲಿಂದ ಪಾಂಟಿಯಾಕ್‌ವರೆಗೆ 16 ಮೈಲಿ ಗಾಡಿಯ ಹಿಂದೆ ಗಾಡಿ. ಅವತ್ತು ಇಂಡಿಯನ್ ಅಂಗಡಿಯಿಂದ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರಬೇಕಾದರೂ ಊರೆಲ್ಲ ಬಳಸಿ ಹೋಗಬೇಕು. ಇಷ್ಟು ವರ್ಷ ನಾನು ಆ ಶನಿವಾರ ಮನೆ ಬಿಟ್ಟು ಕದಲಿದವನಲ್ಲ. ಈ ಸಲ ಕದಲಿದೆ. ಕಾರಣ, ಪಕ್ಕದ ಮನೆ ಅಜ್ಜ.

ಅಜ್ಜ ಕಾರು ಕಾರ್ಖಾನೆಯಿಂದ ರಿಟೈರ್ ಆದವರು. ಅವರ ಹತ್ತಿರ 1940ರ ಫೋರ್ಡ್ ಕೂಪ್ ಇದೆ. ಕೂಪ್ ಅಂದ್ರೆ ಎರಡೇ ಬಾಗಿಲಿನ ಕಾರು. ಫ್ರೆಂಚಿನಲ್ಲಿ 'ಕತ್ತರಿಸಿದ್ದು' ಅಂತ ಅರ್ಥವಂತೆ. ನಮ್ಮಲ್ಲಿ ಕೂಪ ಅಂದ್ರೆ ಬಾವಿ. ಎರಡು ಅರ್ಥವೂ ಸರಿ ಅಂತ ನಿನ್ನೆ ಗೊತ್ತಾಯಿತು.

ಬಂದವರಿಗೆಲ್ಲ ಅಜ್ಜ ಎದೆಯುಬ್ಬಿಸಿ ಹೇಳುವುದು, "ಇದು 1940ರ ಗಾಡಿ." ಒಂಬತ್ತು ವರ್ಷದಿಂದ ಅವರ ಗ್ಯಾರೇಜಿನಲ್ಲಿ ಟಾರ್ಚ್ ಹಿಡಿದು ನಿಂತವನು ನಾನು. ಅದರಲ್ಲಿ 1940ರದ್ದು ಅಂತ ಉಳಿದಿರುವುದು ಮೇಲಿನ ತಗಡು, ಜೊತೆಗೆ ಅಜ್ಜನ ಹಟ. ಮೊದಲಿದ್ದ ವಿ8 ಇಂಜಿನ್‌ನ ಶಕ್ತಿ 85 ಹಾರ್ಸ್‌ಪವರ್. ಅದನ್ನು ಕಿತ್ತು ಷೆವರ್ಲೆಯ ಎಲ್‌ಎಸ್3 ಕೂರಿಸಿದ್ದಾರೆ. 6.2 ಲೀಟರ್, 430 ಹಾರ್ಸ್‌ಪವರ್. 6 ವೋಲ್ಟಿನ ವೈರಿಂಗ್ ಹೋಗಿ 12 ವೋಲ್ಟಿನದು ಬಂತು. ಡಿಸ್ಕ್ ಬ್ರೇಕ್, ಎಸಿ, ಬ್ಲೂಟೂತ್, ಹಿಂದಕ್ಕೆ ಕ್ಯಾಮೆರಾ. ಮೇಲ್ಛಾವಣಿಯನ್ನು ಕತ್ತರಿಸಿ ಮೂರು ಇಂಚು ತಗ್ಗಿಸಿದ್ದಾರೆ, ನೋಡೋಕೆ ಚೆಂದ ಅಂತ. ಒಳಗೆ ಕೂತವನು ಮಾವನ ಮನೆಗೆ ಮೊದಲ ಸಲ ಹೋದ ಅಳಿಯನ ಹಾಗೆ ತಲೆ ತಗ್ಗಿಸಿಕೊಂಡೇ ಇರಬೇಕು. ಬಣ್ಣ ಅಪ್ಪಟ ಬದನೆಕಾಯಿ.

ಈ ಗಾಡಿಯ ಬಾಗಿಲಿಗೆ ಹ್ಯಾಂಡಲ್ ಇಲ್ಲ, ಮುಖ್ಯ ವಿಷಯ ಅದು. ಮೈ ನುಣ್ಣಗೆ ಕಾಣಲಿ ಅಂತ ಹ್ಯಾಂಡಲ್ ಕಿತ್ತು, ತೂತು ಮುಚ್ಚಿ, ಬಣ್ಣ ಹೊಡೆಯುವ ಶೋಕಿ ಇಲ್ಲಿ ಬಹಳ ಹಳೆಯದು. ರಿಮೋಟ್ ಒತ್ತಿದರೆ 'ಟಕ್' ಅಂತ ಬಾಗಿಲು ತೆರೆದುಕೊಳ್ಳುತ್ತದೆ. ಅಜ್ಜ ಒಂದು ಹೆಜ್ಜೆ ಮುಂದೆ ಹೋಗಿ ಒಳಗಿನ ಹ್ಯಾಂಡಲನ್ನೂ ತೆಗೆಸಿದ್ದಾರೆ. ಅಲ್ಲೊಂದು ಬಟನ್ ಇದೆ.

ಹಾಗಾದರೆ ನಾನು ಯಾಕೆ ಹೋದೆ? ಅದರ ಗೇರು ಸ್ಟೇರಿಂಗ್ ಪಕ್ಕದಲ್ಲಿದೆ. ಶಿವಮೊಗ್ಗದಲ್ಲಿ ಅಪ್ಪನ ಫಿಯಟ್‌ಗೂ ಅಲ್ಲೇ ಇತ್ತು. ಪದ್ಮಿನಿ ಅಂತ ಹೆಸರಿದ್ದರೂ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಫಿಯಟ್ಟೇ. ಆ ಕಡ್ಡಿ ಕಂಡರೆ ಸಾಕು, ನಾನು ಎಲ್ಲಿಗೆ ಬೇಕಾದರೂ ಹತ್ತಿ ಕೂರುತ್ತೇನೆ.

ರಾಯಲ್ ಓಕ್ ಹತ್ತಿರ ಒಂದು ಮರದ ನೆರಳು ನೋಡಿ ಅಜ್ಜ ಗಾಡಿ ನಿಲ್ಲಿಸಿದರು. "ಐದು ನಿಮಿಷ, ನಿಂಬೆ ಶರಬತ್ತು ತರ್ತೀನಿ" ಅಂದರು. ಗಾಜು ಅರ್ಧ ಗೇಣು ಇಳಿದಿತ್ತು. ಅವರು ಇಳಿದು ಬಾಗಿಲು ಹಾಕಿದರು. ಹಿಂದೆ ಹೋಗಿ ಕೀಲಿ ಹಾಕಿ ಡಿಕ್ಕಿ ತೆಗೆದರು. ಒಳಗಿದ್ದ ಮೇನ್ ಸ್ವಿಚ್ ಆರಿಸಿದರು. ಡಿಕ್ಕಿ ಮುಚ್ಚಿ ಹೊರಟರು.

ಅದು ಅವರ ಅಭ್ಯಾಸ. ಇಷ್ಟೆಲ್ಲ ಹೊಸ ಸಾಮಾನು ತುಂಬಿದ ಮೇಲೆ ಗಾಡಿ ನಿಂತಲ್ಲೇ ಬ್ಯಾಟರಿ ಕುಡಿಯುತ್ತದೆ. ನಮ್ಮಮ್ಮ ಪಕ್ಕದ ಬೀದಿಗೆ ಹೊರಟರೂ ಗ್ಯಾಸಿನ ರೆಗ್ಯುಲೇಟರ್ ಆರಿಸುವ ಹಾಗೆ, ಇಳಿದ ಕೂಡಲೇ ಅಜ್ಜನ ಕೈ ಸ್ವಿಚ್ಚಿಗೆ ಹೋಗುತ್ತದೆ. ಅಮ್ಮ ಮಾತ್ರ ಒಲೆ ಮೇಲೆ ಏನಾದರೂ ಇದೆಯಾ ಅಂತ ಒಮ್ಮೆ ನೋಡುತ್ತಿದ್ದಳು.

ಸೆಕೆ ಆಯಿತು ಅಂತ ಬಟನ್ ಒತ್ತಿದೆ. ಇಲ್ಲ. ಗಾಜು ಇಳಿಸುವ ಬಟನ್ನೂ ಸತ್ತಿತ್ತು. ಅಜ್ಜನಿಗೆ ಫೋನ್ ಮಾಡಿದೆ. ನನ್ನ ಮೊಣಕಾಲಿನ ಎದುರಿದ್ದ ಡಬ್ಬಿಯೊಳಗೆ ಅವರ ಫೋನು ಇಂಜಿನ್ ಗುಡುಗಿದ ಸದ್ದಿನ ರಿಂಗ್‌ಟೋನ್ ಹೊಡೆಯಿತು. ಇಡೀ ಗಾಡಿಯಲ್ಲಿ ಜೀವ ಇದ್ದದ್ದು ಅದಕ್ಕೊಂದೇ.

ಅಷ್ಟರಲ್ಲಿ ಮೊದಲ ಭಕ್ತರು ಬಂದರು. ಕ್ಯಾಪ್ ಹಾಕಿದ ಹಿರಿಯರೊಬ್ಬರು ಗಾಜಿನ ಸಂದಿಗೆ ಬಾಯಿಟ್ಟು, "ಬಾನೆಟ್ ಕೆಳಗೆ ಏನಿದೆ?" ಅಂದರು. 'ಬಾನೆಟ್ ಬಿಡಿ ಸ್ವಾಮಿ, ಬಾಗಿಲು ತೆಗೆಸಿ' ಅನ್ನಬೇಕಿತ್ತು. ಯಾಕೋ ಮರ್ಯಾದೆ ಅಡ್ಡ ಬಂತು. "ಎಲ್‌ಎಸ್3" ಅಂದೆ. ಅವರ ಮುಖ ಕಪ್ಪಿಟ್ಟಿತು. ಫೋರ್ಡಿನ ಹೊಟ್ಟೆಗೆ ಷೆವರ್ಲೆ ಇಂಜಿನ್ನಾ? ಈ ಊರಿನಲ್ಲಿ ಅದು ಸಣ್ಣ ವಿಷಯ ಅಲ್ಲ. ತಾತನ ಕಾಲದಿಂದ ಮಾತು ಬಿಟ್ಟ ಎರಡು ಮನೆಗಳ ನಡುವೆ ನಾನೇ ನಿಂತು ಮದುವೆ ಮಾಡಿಸಿದ ಹಾಗೆ ನೋಡಿ, ತಲೆಯಾಡಿಸಿ ಹೋದರು.

ಎರಡನೇ ಗುಂಪಿಗೆ ನಿಜ ಹೇಳಿದೆ. "ಬಾಗಿಲು ತೆಗೆಯೋಕೆ ಆಗ್ತಿಲ್ಲ" ಅಂದೆ. "ಹ್ಯಾಂಡಲ್ ಎಲ್ಲಾ ತೆಗೆಸಿದ್ದೀರಾ? ಭಲೇ!" ಅಂತ ಹೆಬ್ಬೆರಳು ತೋರಿಸಿದರು.

ಮೂರನೇ ಗುಂಪು ಬರುವಷ್ಟರಲ್ಲಿ ನಾನು ಕೈಚೆಲ್ಲಿದ್ದೆ. ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಒಂಬತ್ತು ವರ್ಷ ಕೇಳಿದ ಪುರಾಣ ಬಾಯಿಗೆ ತಾನಾಗಿ ಬಂತು. ಮುಂದಿನ ಸಸ್ಪೆನ್ಷನ್ ಮಸ್ಟಾಂಗ್ 2 ಅನ್ನುವ ಫೋರ್ಡ್ ಕಾರಿನ ಮಾದರಿಯದು ಅಂದೆ. ಹಿಂದೆ ಅಮೆರಿಕದ ದಕ್ಷಿಣದ ಗುಡ್ಡಗಾಡಿನವರು ಕಳ್ಳಭಟ್ಟಿ ಸಾಗಿಸಲು ಇದೇ ಗಾಡಿ ಇಷ್ಟಪಡುತ್ತಿದ್ದರು ಅಂದೆ. ಡಿಕ್ಕಿ ದೊಡ್ಡದು, ಇಂಜಿನ್ ಜೋರು. ಭಾರಕ್ಕೆ ಹಿಂಭಾಗ ಕುಗ್ಗಿದರೆ ಪೊಲೀಸರಿಗೆ ಗುಟ್ಟು ಗೊತ್ತಾಗುತ್ತೆ ಅಂತ ಗಟ್ಟಿ ಸ್ಪ್ರಿಂಗ್ ಹಾಕಿಸುತ್ತಿದ್ದರು ಅಂದೆ. ಅವರು ಪೊಲೀಸರಿಂದ ತಪ್ಪಿಸಿಕೊಂಡರು, ನನಗೆ ಒಂದು ಬಾಗಿಲು ದಾಟಲಾಗಲಿಲ್ಲ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಒಬ್ಬರು "ಎಷ್ಟು ವರ್ಷ ಹಿಡಿಯಿತು ಕಟ್ಟೋಕೆ?" ಅಂದರು. "ಒಂಬತ್ತು" ಅಂದೆ, ನಿಟ್ಟುಸಿರು ಬಿಟ್ಟು. ಟಾರ್ಚ್ ಹಿಡಿದದ್ದೂ ಕೆಲಸವೇ ಅಲ್ವಾ?

ಒಂದು ಮಗು ಗಾಜಿನ ಸಂದಿಯಿಂದ ಫ್ರೆಂಚ್ ಫ್ರೈ ತೂರಿಸಿತು. ಅದರಮ್ಮ ಬೇಡ ಅಂದಳು. ನಾನು ತಿಂದೆ. ಮಗು ಇನ್ನೊಂದು ಕೊಟ್ಟಿತು. ಮೈಸೂರು ಝೂನಲ್ಲಿ ಬೋನಿನ ಆ ಕಡೆ ಕೂತವರಿಗೆ ಹೇಗಿರುತ್ತೆ ಅಂತ ಇನ್ನು ನನ್ನನ್ನು ಕೇಳಿ.

ಆಗ ಕೈ ತಾನಾಗಿ ಹೊರಗೆ ಹೋಯಿತು. ಯೋಚಿಸಿ ಮಾಡಿದ್ದಲ್ಲ. ಅಪ್ಪನ ಫಿಯಟ್‌ನ ಎಡಗಡೆ ಬಾಗಿಲಿನ ಒಳ ಹ್ಯಾಂಡಲ್ ನಾನು ಏಳನೇ ಕ್ಲಾಸಿನಲ್ಲಿದ್ದಾಗಲೇ ಮುರಿದಿತ್ತು. "ಹೊಸದು ಯಾಕೆ ದಂಡಕ್ಕೆ? ಕೈ ಹೊರಗೆ ಹಾಕಿ ತೆಗಿ" ಅಂತಿದ್ದರು ಅಪ್ಪ. ಕೊನೆಯವರೆಗೂ ಹಾಕಿಸಲಿಲ್ಲ. ಗಾಜು ಇಳಿಸು, ಮೊಣಕೈವರೆಗೆ ಕೈ ಹಾಕು, ತಡಕು, ಬಿಸಿಲಿಗೆ ಕಾದ ಹ್ಯಾಂಡಲ್ ಅಂಗೈಗೆ ಚುರ್ ಅನ್ನುತ್ತಿತ್ತು. ಗುಜರಿಯವನು ಗಾಡಿ ಒಯ್ಯಲು ಬಂದ ದಿನ ಅಪ್ಪ ಅವನಿಗೂ ಅದನ್ನೇ ವಿವರಿಸಿದ್ದರಂತೆ, ಕೈ ಹೊರಗೆ ಹಾಕಿ ತೆಗಿಯಪ್ಪಾ ಅಂತ. ನಾನು ಆಗ ಇಲ್ಲಿದ್ದೆ. ಫೋನಿನಲ್ಲಿ ಅಮ್ಮ ಹೇಳಿದ್ದು.

ನಿನ್ನೆ ನನ್ನ ಕೈ ಬದನೆಕಾಯಿ ಬಣ್ಣದ ಮೇಲೆ ಮೇಲಿಂದ ಕೆಳಗೆ ಜಾರಿತು. ಮತ್ತೆ ತಡಕಿದೆ. ಹಿಡಿಯೋಕೆ ಏನೂ ಇಲ್ಲ.

"ನೋಡು, ಎಷ್ಟು ಪ್ರೀತಿಯಿಂದ ಸವರ್ತಿದ್ದಾರೆ" ಅಂತ ಯಾರೋ ಹೆಂಗಸು ಗಂಡನಿಗೆ ಹೇಳಿದಳು.

ಅಜ್ಜ ಬಂದರು. ದಾರಿಯಲ್ಲಿ ಹಳೇ ಗೆಳೆಯ ಸಿಕ್ಕಿದನಂತೆ. ಶರಬತ್ತಿನ ಐಸು ಕರಗಿ ನೀರಾಗಿತ್ತು. ಡಿಕ್ಕಿ, ಸ್ವಿಚ್ಚು, ರಿಮೋಟು, ಟಕ್. ಹೊರಗೆ ಬಂದು ಸೊಂಟ ನೆಟ್ಟಗೆ ಮಾಡಿದೆ. ಅಜ್ಜ ನನ್ನ ಮುಖ ನೋಡಿ ಕೇಳಿದರು, "ಸೀಟಿನ ಕೆಳಗೆ ತಂತಿ ಇದೆಯಲ್ಲ, ಎಳೆಯೋದಲ್ವಾ?"

ಬಗ್ಗಿ ನೋಡಿದೆ. ಕಾಲುಂಗುರದಷ್ಟು ದೊಡ್ಡ ಉಂಗುರ, ಅದಕ್ಕೊಂದು ತಂತಿ. ಕರೆಂಟು ಹೋದರೆ ಬಾಗಿಲು ತೆರೆಯೋಕೆ ಅಂತಲೇ ಇಟ್ಟದ್ದು. ನಲವತ್ತು ನಿಮಿಷ ಅದು ನನ್ನ ಹಿಮ್ಮಡಿಗೆ ಚುಚ್ಚುತ್ತಿತ್ತು. ಎರಡು ಸಲ ಒದ್ದು ಪಕ್ಕಕ್ಕೆ ತಳ್ಳಿದ್ದೆ.

"ಹೇಳಿರಲಿಲ್ವಾ ನಿನಗೆ?" ಅಂದರು.

ಕಳ್ಳಭಟ್ಟಿ ಕಥೆ ಇನ್ನೂರು ಸಲ ಹೇಳಿದ್ದಾರೆ. ಇದನ್ನು ಒಂದು ಸಲವೂ ಹೇಳಿರಲಿಲ್ಲ.

ಮನೆಗೆ ಬಂದಾಗ ಸಂಜೆ. "ರೀ, ಕೊತ್ತಂಬರಿ ಸೊಪ್ಪು?" ಅಂದಳು ನಮ್ಮವಳು. ನಾನು ಮಾತಾಡದೆ ಸ್ನಾನಕ್ಕೆ ಹೋದೆ.

ಇವತ್ತು ಬೆಳಗ್ಗೆ ಅಜ್ಜ ಬೇಲಿ ಹತ್ತಿರ ನಿಂತು ಕೂಗಿದರು. ಡಿಕ್ಕಿಯ ಹ್ಯಾಂಡಲ್ಲೊಂದು ಹೊರಗೆ ಚಾಚಿಕೊಂಡು ಅಸಹ್ಯವಾಗಿ ಕಾಣುತ್ತಂತೆ. ಅದನ್ನೂ ತೆಗೆದು ರಿಮೋಟಿಗೇ ಸೇರಿಸಿಬಿಡೋಣ ಅಂತಿದ್ದಾರೆ. ಟಾರ್ಚ್ ಹಿಡಿಯೋಕೆ ಬರ್ತೀಯಾ ಅಂತ ಕೇಳಿದರು. "ಮೇನ್ ಸ್ವಿಚ್ ಆ ಡಿಕ್ಕಿಯೊಳಗೇ ಇದೆಯಲ್ಲ ಅಜ್ಜ?" ಅಂದೆ. "ಹೌದಲ್ಲಾ" ಅಂದು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ, "ಐದೇ ನಿಮಿಷದ ಕೆಲಸ, ಬಾ" ಅಂದರು.