"ಆಚೆ ಕಳಿಸಿದ್ರು" ಅಂದ್ರೆ ಏನು?

ಎರಡು ವರ್ಷದ ಹಿಂದಿನ ಮಾತು. ಮಗ ಆಗ ಎರಡನೇ ಕ್ಲಾಸು. ಸಂಜೆ ಶೂ ಬಿಚ್ಚುತ್ತಾ, "ಇವತ್ತು ಮಿಸ್ ನನ್ನನ್ನ ಕ್ಲಾಸಿಂದ ಆಚೆ ಕಳಿಸಿದ್ರು" ಅಂದ. ಯಾಕೆ ಅಂದ್ರೆ "ಗೊತ್ತಿಲ್ಲ". ಎಷ್ಟು ಹೊತ್ತು ಅಂದ್ರೆ "ತುಂಬಾ ಹೊತ್ತು".

ನನಗೆ ಅಷ್ಟು ಸಾಕಾಯಿತು. ರಾತ್ರಿ ಹತ್ತೂವರೆಗೆ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಉದ್ದಕ್ಕೆ ಬರೆದು ಹಾಕಿದೆ. ಮಕ್ಕಳಿಗೆ ಹೀಗೆ ಅವಮಾನ ಮಾಡುವುದು ಸರಿಯಾ, ಇದಕ್ಕಾ ನಾವು ಫೀಸು ಕಟ್ಟುವುದು, ಹೀಗೆ. ಐದು ನಿಮಿಷದಲ್ಲಿ ಹದಿನೇಳು ಹೆಬ್ಬೆಟ್ಟು ಬಿದ್ದವು. "ನಮ್ಮ ಮಗಳಿಗೂ ಹೀಗೇ ಆಗಿತ್ತು" ಅಂತ ಮೂರು ಜನ. ಏನೋ ಗೆದ್ದ ಹಾಗಾಯಿತು. ಚೆನ್ನಾಗಿ ನಿದ್ದೆಯೂ ಬಂತು.

ಮರುದಿನ ಬೆಳಗ್ಗೆ ಸ್ಕೂಲಿಗೆ ಹೋದೆ, ಜಗಳಕ್ಕೆ ತಯಾರಾಗಿಯೇ. ಮೇಡಂ ಗ್ರೂಪಿನ ಮಾತು ಎತ್ತಲೇ ಇಲ್ಲ. "ಪಾಠದಲ್ಲಿ ಒಂದು ಅಜ್ಜನ ಕಥೆ ಬಂತು ಸರ್. ಇವನು ಅಳೋಕೆ ಶುರು ಮಾಡಿದ. ಪಕ್ಕದ ಹುಡುಗರು ನಗ್ತಿದ್ರು. ಹೋಗಿ ಮುಖ ತೊಳ್ಕೊಂಡು ನಿಧಾನಕ್ಕೆ ಬಾ ಅಂತ ನಾನೇ ಕಳಿಸಿದೆ" ಅಂದರು. ಆಮೇಲೆ ಸಣ್ಣ ದನಿಯಲ್ಲಿ, "ಮನೇಲಿ ಏನಾದ್ರೂ ಆಗಿದೆಯಾ ಸರ್?" ಅಂತ ಕೇಳಿದರು.

ನಮ್ಮ ತಂದೆ ತೀರಿಕೊಂಡು ಆಗ ಎರಡು ತಿಂಗಳೂ ಆಗಿರಲಿಲ್ಲ. ಅದನ್ನು ನಾವು ಸ್ಕೂಲಿಗೆ ಹೇಳಿಯೇ ಇರಲಿಲ್ಲ. ಹೇಳಬೇಕು ಅಂತ ಹೊಳೆದೂ ಇರಲಿಲ್ಲ.

ಮಗ ಸುಳ್ಳು ಹೇಳಿರಲಿಲ್ಲ. ಆಚೆ ಕಳಿಸಿದ್ದು ನಿಜವೇ. ಏಳು ವರ್ಷದ ಹುಡುಗ ನಡೆದದ್ದನ್ನು ಹೇಳುತ್ತಾನೆ, ಯಾಕೆ ನಡೆಯಿತು ಅನ್ನುವುದನ್ನು ನಾವು ತುಂಬಿಕೊಳ್ಳುತ್ತೇವೆ. ಮನೆಗೂ ಸ್ಕೂಲಿಗೂ ನಡುವೆ ಸುದ್ದಿ ಹೊತ್ತು ಓಡಾಡುವವನು ಅವನೊಬ್ಬನೇ ಅಲ್ವಾ? ಆ ಕಡೆಗೂ ಹೋಗುವುದು ಅರ್ಧ ಸುದ್ದಿಯೇ. "ಅಪ್ಪ ಫೋನ್ ನೋಡ್ತಿದ್ರು, ಅದಕ್ಕೆ ಹೋಂವರ್ಕ್ ಆಗ್ಲಿಲ್ಲ ಮಿಸ್" ಅಂತ ನನ್ನ ಬಗ್ಗೆಯೂ ಹೇಳಿರುತ್ತಾನೆ. ಅದೂ ಸುಳ್ಳಲ್ಲ ಬಿಡಿ.

ನನ್ನ ಅಕ್ಕನೂ ಟೀಚರ್. ಈ ಕಥೆ ಕೇಳಿ, "ನಿನ್ನಂಥವರಿಗೆ ಹೆದರಿಯೇ ಕಣೋ ನಾನು ರಾತ್ರಿ ಫೋನ್ ಸೈಲೆಂಟ್ ಮಾಡಿಡೋದು" ಅಂತ ನಕ್ಕಳು. ಆಮೇಲೆ ಲೆಕ್ಕ ಹೇಳಿದಳು. ಅವಳ ಕ್ಲಾಸಿನಲ್ಲಿ 42 ಮಕ್ಕಳು. ಒಂದು ನೋಟ್‌ಬುಕ್ ಸರಿಯಾಗಿ ತಿದ್ದಲು 3 ನಿಮಿಷ ಅಂದರೂ 126 ನಿಮಿಷ, ಎರಡು ಗಂಟೆಗೂ ಜಾಸ್ತಿ. ಅದೂ ಒಂದೇ ವಿಷಯಕ್ಕೆ. ಪೀರಿಯಡ್ಡು 40 ನಿಮಿಷ. ಹಾಜರಿ ತೆಗೆದು, ಗಲಾಟೆ ನಿಲ್ಲಿಸಿ, ಪಾಠ ಮಾಡಿ ಮುಗಿಸಿದರೆ ಒಂದೊಂದು ಮಗುವಿಗೆ ಅಂತ ಉಳಿಯುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ನನ್ನ ಮಗನ ಕಣ್ಣಲ್ಲಿ ನೀರು ಕಂಡಿತ್ತಲ್ಲ ಆ ಮೇಡಂಗೆ!

ಹಾಗಂತ ಟೀಚರುಗಳದ್ದು ತಪ್ಪೇ ಇರುವುದಿಲ್ಲ ಅಂತಲ್ಲ. ಮಾರ್ಕ್ಸನ್ನು ಎಲ್ಲರೆದುರು ಓದಿ ಹೇಳುವವರು ಈಗಲೂ ಇದ್ದಾರೆ. ಡೈರಿಯಲ್ಲಿ ಕೆಂಪು ಶಾಯಿಯಲ್ಲಿ "ಪೋಷಕರು ಗಮನ ಕೊಡಬೇಕು" ಅಂತ ಬರೆಯುತ್ತಾರೆ. ಯಾವುದಕ್ಕೆ ಗಮನ? ಅಕ್ಷರಕ್ಕಾ, ಲೆಕ್ಕಕ್ಕಾ, ಪಕ್ಕದವನ ಜೊತೆ ಮಾತಿಗಾ? ಗೊತ್ತಾಗುವುದಿಲ್ಲ. ಸ್ಕೂಲಿನ ನಂಬರಿನಿಂದ ಫೋನ್ ಬಂದರೆ ಎದೆ ಧಸಕ್ ಅನ್ನುವುದು ಯಾಕೆ? ಒಳ್ಳೆಯದನ್ನು ಹೇಳಲು ಅಲ್ಲಿಂದ ಯಾರೂ ಫೋನ್ ಮಾಡಿಯೇ ಇಲ್ಲ, ಅದಕ್ಕೆ.

ಇನ್ನು, "ನಮ್ಮ ಕಾಲದಲ್ಲಿ ಮೇಷ್ಟ್ರು ಅಂದ್ರೆ ಎಂಥ ಗೌರವ ಇತ್ತು, ಹೊಡೆದ್ರೂ ಅಪ್ಪ ಅಮ್ಮ ಕೇಳ್ತಿರಲಿಲ್ಲ" ಅನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆದರಿಕೆಯೇ ಇತ್ತು. ಹೊಡೆಯುವ ಟೀಚರನ್ನು ಪ್ರಶ್ನೆ ಮಾಡಲೇಬೇಕು. ನಾನು ಹೇಳುತ್ತಿರುವುದು ಹೇಗೆ ಕೇಳಬೇಕು ಅನ್ನುವುದನ್ನು.

1966ರ ಅಕ್ಟೋಬರ್ 5ರಂದು ಪ್ಯಾರಿಸ್ಸಿನಲ್ಲಿ ಶಿಕ್ಷಕರ ಸ್ಥಾನಮಾನದ ಬಗ್ಗೆ ಒಂದು ಶಿಫಾರಸು ಒಪ್ಪಿಗೆಯಾಯಿತು. ಯುನೆಸ್ಕೋ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ತಂದದ್ದು. 1994ರಿಂದ ವಿಶ್ವ ಶಿಕ್ಷಕರ ದಿನ ಅಂತ ಆಚರಿಸುವುದು ಅದೇ ತಾರೀಖನ್ನು. ಅದರಲ್ಲಿ ಪೋಷಕರ ದೂರಿನ ಬಗ್ಗೆಯೇ ಬರೆದಿದ್ದಾರೆ. ಮೊದಲು ಹೆಡ್‌ಮಾಸ್ಟರ್ ಮತ್ತು ಆ ಟೀಚರ್ ಜೊತೆಗೇ ಕೂತು ಮಾತಾಡಲು ಅವಕಾಶ ಇರಬೇಕು. ಆಮೇಲೂ ಮೇಲಿನವರಿಗೆ ದೂರು ಕೊಡುವುದಾದರೆ ಬರವಣಿಗೆಯಲ್ಲಿ ಕೊಡಬೇಕು, ಅದರ ಒಂದು ಪ್ರತಿ ಟೀಚರಿಗೂ ಸಿಗಬೇಕು. ವಾಟ್ಸಾಪ್ ಕನಸಲ್ಲೂ ಇಲ್ಲದ ಕಾಲದಲ್ಲಿ ಇಷ್ಟು ಯೋಚನೆ ಮಾಡಿದ್ದರು. ನಾನು ಪೂರ್ತಿ ಉಲ್ಟಾ ಮಾಡಿದ್ದೆ. ಮೊದಲು ಊರಿಗೆಲ್ಲ ಹೇಳಿ, ಕೊನೆಗೆ ಟೀಚರ್ ಹತ್ತಿರ ಹೋಗಿದ್ದೆ.

ಮಗ ಮಲಗಿದ್ದಾನೆ ಅಂದುಕೊಂಡು ಆ ರಾತ್ರಿ ಹೆಂಡತಿಯ ಹತ್ತಿರ ಮೇಡಂ ಬಗ್ಗೆ ಏನೇನೋ ಒದರಿದ್ದೆ. ಅವನು ಮಲಗಿರಲಿಲ್ಲ. ವಾರ ಕಳೆದ ಮೇಲೆ ಹೋಂವರ್ಕ್ ಮಾಡು ಅಂದರೆ, "ಮಿಸ್‌ಗೇ ಏನೂ ಗೊತ್ತಿಲ್ಲ ಅಂತ ನೀನೇ ಹೇಳಿದ್ಯಲ್ಲ" ಅಂದ. ಗ್ರೂಪಿಗೆ ಹಾಕಿದ್ದಕ್ಕಿಂತ ದೊಡ್ಡ ತಪ್ಪು ಇದು. ಹಾಕಿದ ಮೆಸೇಜನ್ನು ಡಿಲೀಟ್ ಮಾಡಬಹುದು. ಮಗನ ಕಿವಿಗೆ ಬಿದ್ದದ್ದನ್ನು ಹೊರಗೆ ತೆಗೆಯಲು ನನಗೆ ತಿಂಗಳುಗಟ್ಟಲೆ ಹಿಡಿಯಿತು.

ಈಗ ಏನಾದರೂ ಕೇಳುವುದಿದ್ದರೆ ಡೈರಿಯಲ್ಲಿ ಒಂದು ಸಾಲು ಬರೆಯುತ್ತೇನೆ, "ಮೇಡಂ, ಹೀಗೆ ಅಂತ ಹೇಳ್ತಿದ್ದಾನೆ, ಏನಾಯ್ತು?" ಅಂತ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಅದನ್ನೂ ಬರೆಯುತ್ತೇನೆ.

ಮೇಡಂ ಭೇಟಿಯಾದ ಆ ದಿನ ಮಧ್ಯಾಹ್ನವೇ ಗ್ರೂಪಿನಲ್ಲಿ ಬರೆದೆ. ತಪ್ಪು ನನ್ನದು, ಮೇಡಂ ನನ್ನ ಮಗನನ್ನು ಕಾಪಾಡಿದ್ದಾರೆ, ಕ್ಷಮಿಸಿ ಅಂತ. ಅದಕ್ಕೆ ಎರಡೇ ಹೆಬ್ಬೆಟ್ಟು ಬಂದವು. ಒಂದು ನನ್ನ ಹೆಂಡತಿಯದು. ಇನ್ನೊಂದು ಮೇಡಂದು.